ಮಾರ್ಕ್‌ಡೌನ್‌ನಲ್ಲಿ ಬರೆದ ಕನ್ನಡ ಪತ್ರವನ್ನು ಇಮೇಲ್‌ಗೆ ಒಗ್ಗುವ ಎಚ್‌ಟಿಎಂಎಲ್ ಮಾಡುವುದು ಹೇಗೆ?

ನಮ್ಮ ಓದುಗರ ಬಳಗದಿಂದ ತಿಂಗಳಿಗೊಂದು ಪತ್ರ ಹೋಗುತ್ತದೆ. ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತು, ಮುಂದಿನ ಭೇಟಿಯ ದಿನ, ಒಂದೆರಡು ಚಿತ್ರ. ಮೊದಲ ಪತ್ರ ಕಳಿಸಿದ ಸಂಜೆ ಧಾರವಾಡದಿಂದ ಹಿರಿಯರೊಬ್ಬರು ಫೋನ್ ಮಾಡಿದರು. “ಅಲ್ರೀ, ನೀವು ‘ಅಕ್ಕ’ ಅಂತ ಬರದೀರಿ. ಇಲ್ಲಿ ‘ಅಕ’ ಅಂತ ಕಾಣಸ್ತದ.”

ಅವರು ಆಫೀಸಿನ ಕಂಪ್ಯೂಟರಿನಲ್ಲಿ, ಔಟ್‌ಲುಕ್‌ನಲ್ಲಿ ಪತ್ರ ತೆರೆದಿದ್ದರು. ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ನನ್ನ ಬ್ರೌಸರಿನಲ್ಲಿ ಅದೇ ಪತ್ರ ಚೆನ್ನಾಗಿಯೇ ಕಂಡಿತ್ತು. ಅವತ್ತಿನಿಂದ ಈ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಬಿಡಿಸಿ ನೋಡುತ್ತಾ ಬಂದಿದ್ದೇನೆ. ಇಂಗ್ಲಿಷ್ ಪತ್ರ ಕಳಿಸುವವರಿಗೆ ಎದುರಾಗದ ಕೆಲವು ತೊಡಕುಗಳು ಕನ್ನಡದಲ್ಲಿ ಕಳಿಸುವ ನಮಗೆ ಎದುರಾಗುತ್ತವೆ. ಅವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲಿಗೆ, ಮೇಲ್ ಅಂದರೆ ವೆಬ್ ಅಲ್ಲ

ಸಾದಾ ಪಠ್ಯದಲ್ಲೇ ಸಣ್ಣ ಚಿಹ್ನೆಗಳನ್ನು ಹಾಕಿ ಬರೆದು, ಆಮೇಲೆ ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಮಾಡಿಕೊಳ್ಳುವ ಪದ್ಧತಿಯೇ ಮಾರ್ಕ್‌ಡೌನ್. ಜಾನ್ ಗ್ರೂಬರ್ ಅದನ್ನು 2004ರಲ್ಲಿ ಹೊರತಂದರು. ಆರನ್ ಸ್ವಾರ್ಟ್ಜ್ ಅದಕ್ಕೆ ಕೈಜೋಡಿಸಿದ್ದರು. ಸಾದಾ ಪಠ್ಯದ ಇಮೇಲ್‌ಗಳಲ್ಲಿ ಜನ ಆಗಲೇ ರೂಢಿಸಿಕೊಂಡಿದ್ದ ಪದ್ಧತಿಯೇ ಅದಕ್ಕೆ ದೊಡ್ಡ ಪ್ರೇರಣೆ. ಒತ್ತಿ ಹೇಳಬೇಕಾದ ಪದದ ಎರಡೂ ಬದಿ ನಕ್ಷತ್ರ, ಬೇರೆಯವರ ಮಾತಿನ ಮುಂದೆ > ಗುರುತು, ಪಟ್ಟಿಗೆ ಅಡ್ಡಗೆರೆ. ಹಾಗಾಗಿ ಮಾರ್ಕ್‌ಡೌನ್‌ನಲ್ಲಿ ಪತ್ರ ಬರೆಯುವುದು ತುಂಬಾ ಸಹಜ. ಕಷ್ಟ ಇರುವುದು ಅದನ್ನು ಎಚ್‌ಟಿಎಂಎಲ್ ಮಾಡಿದ ಮೇಲೆ.

ಬ್ರೌಸರುಗಳು ಬಹುಮಟ್ಟಿಗೆ ಒಂದೇ ನಿಯಮ ಪಾಲಿಸುತ್ತವೆ. ಮೇಲ್ ತೆರೆಯುವ ಆ್ಯಪ್‌ಗಳು ಹಾಗಲ್ಲ. ವಿಂಡೋಸ್‌ನ ಹಳೇ ಮಾದರಿಯ ಔಟ್‌ಲುಕ್ 2007ರ ಆವೃತ್ತಿಯಿಂದ ಈಚೆಗೆ ಎಚ್‌ಟಿಎಂಎಲ್ ತೋರಿಸುವುದು ಮೈಕ್ರೋಸಾಫ್ಟ್ ವರ್ಡ್‌ನ ಎಂಜಿನ್ನಿನಿಂದ. ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್‌ಎಸ್ ನಿಯಮಗಳಲ್ಲಿ ತನಗೆ ಒಪ್ಪದ್ದನ್ನು ಜಿಮೇಲ್ ಕಿತ್ತು ಹಾಕುತ್ತದೆ. ಆ್ಯಪಲ್ ಮೇಲ್ ಮತ್ತು ಥಂಡರ್‌ಬರ್ಡ್ ಬಹುತೇಕ ಬ್ರೌಸರಿನಂತೆಯೇ ತೋರಿಸುತ್ತವೆ. ಹೀಗಿರುವಾಗ ಪತ್ರ ಕಟ್ಟಬೇಕಾದ್ದು ಎಲ್ಲಕ್ಕಿಂತ ಹಳೆಯ ಆ್ಯಪ್‌ಗೆ ಹೊಂದುವಂತೆ. ಅಲ್ಲಿ ನೆಟ್ಟಗೆ ಕಂಡರೆ ಉಳಿದ ಕಡೆ ತೊಂದರೆ ಕಡಿಮೆ.

ಪತ್ರ ಹೋಗಬೇಕಾದ್ದು ನಾಲ್ಕೈದು ಜನರಿಗೆ ಮಾತ್ರವೇ? ಹಾಗಾದರೆ ಇಷ್ಟೆಲ್ಲ ಬೇಡ. ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್ ಮಾಡಿ ಬ್ರೌಸರಿನಲ್ಲಿ ತೆರೆಯಿರಿ. ಪೂರ್ತಿ ಆಯ್ಕೆ ಮಾಡಿ ಕಾಪಿ ಮಾಡಿ, ಜಿಮೇಲ್‌ನಲ್ಲಿ ಪತ್ರ ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿ. ದಪ್ಪ ಅಕ್ಷರ, ಪಟ್ಟಿ, ಕೊಂಡಿ ಎಲ್ಲ ಜೊತೆಗೇ ಬರುತ್ತವೆ. ತಿಂಗಳು ತಿಂಗಳೂ ನೂರಾರು ಜನರಿಗೆ ಹೋಗಬೇಕು ಅಂದರೆ ಮುಂದೆ ಓದಿ.

ಹೆಜ್ಜೆ 1: ಕನ್ನಡದಲ್ಲಿ ಮಾರ್ಕ್‌ಡೌನ್ ಬರೆಯುವಾಗ

ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ? ಮಾರ್ಕ್‌ಡೌನ್ ಮೊದಲು ಎಡವುವುದು ಅಲ್ಲಿಯೇ. ಈ ಮೂರು ಸಾಲು ನೋಡಿ:

```
_ಬೆಂಗಳೂರಿ_ನಲ್ಲಿ ಭೇಟಿ
*ಬೆಂಗಳೂರಿ*ನಲ್ಲಿ ಭೇಟಿ
**‘ಓದುಮನೆ’**ಯಲ್ಲಿ ಭೇಟಿ
```

ಮಾರ್ಕ್‌ಡೌನ್‌ಗೆ ಖಚಿತ ರೂಪ ಕೊಟ್ಟ ಕಾಮನ್‌ಮಾರ್ಕ್ ನಿಯಮ ಪಾಲಿಸುವ ಪಾರ್ಸರ್‌ಗಳಲ್ಲಿ, ಅಂದರೆ ಮಾರ್ಕ್‌ಡೌನ್ ಓದಿ ಬಿಡಿಸುವ ಸಾಧನಗಳಲ್ಲಿ, ಮೊದಲ ಸಾಲು ಕೆಲಸ ಮಾಡುವುದಿಲ್ಲ. ಅಡಿಗೆರೆಯ ಗುರುತು ಪದದ ನಡುವೆ ಬಂದರೆ ಅದನ್ನು ಅವು ಗುರುತಾಗಿ ತೆಗೆದುಕೊಳ್ಳುವುದಿಲ್ಲ. ಗೆರೆಗಳು ಹಾಗೇ ಅಚ್ಚಾಗುತ್ತವೆ. ಎರಡನೇ ಸಾಲು ಸರಿ, ನಕ್ಷತ್ರಕ್ಕೆ ಆ ನಿರ್ಬಂಧ ಇಲ್ಲ. ಮೂರನೆಯದು ಎಲ್ಲರೂ ಬೀಳುವ ಗುಂಡಿ. ಮುಚ್ಚುವ ನಕ್ಷತ್ರಗಳ ಹಿಂದೆ ಉದ್ಧರಣ ಚಿಹ್ನೆ ಇದೆ, ಮುಂದೆ ‘ಯ’ ಅಕ್ಷರ ಇದೆ. ಹೀಗೆ ಹಿಂದೆ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಆ ನಕ್ಷತ್ರಗಳಿಗೆ ಮುಚ್ಚುವ ಹಕ್ಕಿಲ್ಲ ಎನ್ನುತ್ತದೆ ನಿಯಮ. ಪತ್ರದಲ್ಲಿ ನಾಲ್ಕೂ ನಕ್ಷತ್ರ ಬರಿಗಣ್ಣಿಗೆ ಕಾಣುತ್ತವೆ. ಪರಿಹಾರ ಸುಲಭ. ಉದ್ಧರಣ ಚಿಹ್ನೆಯನ್ನು ಹೊರಗಿಡಿ:

```
‘**ಓದುಮನೆ**’ಯಲ್ಲಿ ಭೇಟಿ
```

ಇದರಿಂದ ನಾನು ಮಾಡಿಕೊಂಡ ನಿಯಮ ಇಷ್ಟು: ಕನ್ನಡದಲ್ಲಿ ಬರೆಯುವಾಗ ಅಡಿಗೆರೆ ಬೇಡವೇ ಬೇಡ, ನಕ್ಷತ್ರ ಮಾತ್ರ. ಮತ್ತೆ, ನಕ್ಷತ್ರದ ಒಳಬದಿ ಯಾವಾಗಲೂ ಅಕ್ಷರಕ್ಕೇ ತಾಗಿರಬೇಕು, ಚಿಹ್ನೆಗೆ ಅಲ್ಲ.

ಇಸವಿಗಳ ವಿಷಯದಲ್ಲೂ ಎಚ್ಚರ ಬೇಕು. ನವೆಂಬರ್ ಪತ್ರಕ್ಕೆ ನಾಡಿನ ಇತಿಹಾಸವನ್ನು ಹೀಗೆ ಬರೆದಿದ್ದೀರಿ ಅಂದುಕೊಳ್ಳಿ:

```
1956. ಕನ್ನಡ ಮಾತಾಡುವ ಪ್ರದೇಶಗಳು ಒಂದಾದವು.
1973. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು.
```

ಅಂಕಿ, ಚುಕ್ಕಿ, ಒಂದು ಖಾಲಿ ಜಾಗ. ಇಷ್ಟು ಕಂಡರೆ ಮಾರ್ಕ್‌ಡೌನ್ ಅದನ್ನು ಕ್ರಮಸಂಖ್ಯೆಯ ಪಟ್ಟಿ ಎಂದೇ ತಿಳಿಯುತ್ತದೆ. ಮೊದಲ ಅಂಕಿಯನ್ನು ಮಾತ್ರ ಗೌರವಿಸಿ, ಮುಂದಿನದಕ್ಕೆ ತಾನೇ ಒಂದು ಕೂಡಿಸುತ್ತದೆ. ಅಂದರೆ ಓದುಗರಿಗೆ ಕಾಣುವುದು 1956, ಆಮೇಲೆ 1957! ಇತಿಹಾಸವೇ ಬದಲಾಗಿ ಹೋಯಿತು. ಚುಕ್ಕಿಯ ಹಿಂದೆ ಒಂದು ಹಿಂಗೆರೆ ( \ ) ಹಾಕಿ. ಇಲ್ಲವೇ ಚುಕ್ಕಿಯ ಬದಲು ಎರಡು ಚುಕ್ಕಿಯ ಚಿಹ್ನೆ ಬಳಸಿ. ಇದಕ್ಕೆ ತದ್ವಿರುದ್ಧವೂ ಉಂಟು: ೧, ೨, ೩ ಎಂದು ಕನ್ನಡ ಅಂಕಿಯಲ್ಲಿ ಪಟ್ಟಿ ಮಾಡಿದರೆ ಅದು ಪಟ್ಟಿಯೇ ಆಗುವುದಿಲ್ಲ. ಸಾಲುಗಳೆಲ್ಲ ಸೇರಿ ಒಂದೇ ಪ್ಯಾರಾ ಆಗುತ್ತವೆ.

ಕವಿತೆ ಹಾಕುವಾಗ ಸಾಲಿನ ಕೊನೆಗೆ ಎರಡು ಸ್ಪೇಸ್ ಕೊಡುವುದು ಹಳೇ ಪದ್ಧತಿ. ಕೆಲವು ಎಡಿಟರ್‌ಗಳು ಉಳಿಸುವಾಗ ಅವನ್ನು ಅಳಿಸಿಬಿಡುತ್ತವೆ. ಸಾಲಿನ ಕೊನೆಗೆ ಹಿಂಗೆರೆ ಹಾಕಿದರೆ ಆ ಭಯ ಇಲ್ಲ.

ಹೆಜ್ಜೆ 2: ಎಚ್‌ಟಿಎಂಎಲ್ ತುಣುಕು ಮಾಡಿಕೊಳ್ಳಿ

ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್ ಮಾಡುವ ಸಾಧನಗಳು ಹಲವು: ಪ್ಯಾನ್‌ಡಾಕ್, ಪೈಥಾನ್‌ನ ಮಾರ್ಕ್‌ಡೌನ್-ಇಟ್, ನೋಡ್‌ನ ಅದೇ ಹೆಸರಿನ ಲೈಬ್ರರಿ, ಯಾವುದಾದರೂ ಆದೀತು. ನಾನು ಬಳಸುವುದು ಪ್ಯಾನ್‌ಡಾಕ್. ಅದನ್ನು ಬರೆದವರು ಜಾನ್ ಮ್ಯಾಕ್‌ಫಾರ್ಲೇನ್. ವೃತ್ತಿಯಲ್ಲಿ ಅವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್, ಕಾಮನ್‌ಮಾರ್ಕ್ ನಿಯಮಾವಳಿ ರೂಪಿಸಿದವರಲ್ಲೂ ಒಬ್ಬರು.

ಇಲ್ಲಿ ಮೂರು ವಿಷಯ ನೋಡಿಕೊಳ್ಳಿ. ಒಳಬರುವ ರೂಪ ಕಾಮನ್‌ಮಾರ್ಕ್ ಎಂದು ಹೇಳಿ, ಆಗ ಮೇಲಿನ ನಿಯಮಗಳು ಎಲ್ಲ ಸಾಧನಗಳಲ್ಲೂ ಒಂದೇ ಥರ ನಡೆಯುತ್ತವೆ. ಪೂರ್ತಿ ಪುಟ ಬೇಡ, ತುಣುಕು ಮಾತ್ರ ಸಾಕು. ಪೂರ್ತಿ ಪುಟ ಕೇಳಿದರೆ ಪ್ಯಾನ್‌ಡಾಕ್ ತನ್ನದೇ ಸಿಎಸ್‌ಎಸ್ ತುಂಬಿ ಕೊಡುತ್ತದೆ, ಅದು ವೆಬ್‌ಗೆ ಚೆನ್ನ, ಮೇಲ್‌ಗೆ ಹೊರೆ. ಮೂರನೆಯದು, ಚಿತ್ರಗಳನ್ನು ಕಡತದೊಳಗೇ ಅಡಕ ಮಾಡುವ ಆಯ್ಕೆಯನ್ನು ಮುಟ್ಟಬೇಡಿ. ಯಾಕೆ ಅನ್ನುವುದು ಚಿತ್ರಗಳ ಹೆಜ್ಜೆಯಲ್ಲಿ ಬರುತ್ತದೆ.

ಹೊರಬರುವ ತುಣುಕಿನಲ್ಲಿ ತಲೆಬರಹಕ್ಕೆ ‘ಎಚ್2’, ಪ್ಯಾರಾಕ್ಕೆ ‘ಪಿ’, ಪಟ್ಟಿಗೆ ‘ಯುಎಲ್’, ‘ಎಲ್‌ಐ’ ಟ್ಯಾಗ್‌ಗಳು ಇರುತ್ತವೆ. ಬಣ್ಣ, ಅಳತೆ ಏನೂ ಇರುವುದಿಲ್ಲ. ಅದು ಹಾಗೇ ಇರಬೇಕು.

ಹೆಜ್ಜೆ 3: ಚೌಕಟ್ಟು ಕಟ್ಟಿ

ಈ ತುಣುಕನ್ನು ಕೂರಿಸಲು ಒಂದು ಟೆಂಪ್ಲೇಟ್ ಬೇಕು. ಒಮ್ಮೆ ಮಾಡಿಟ್ಟರೆ ಪ್ರತಿ ತಿಂಗಳೂ ಅದೇ. ವೆಬ್‌ನಲ್ಲಿ ಈಗ ಯಾರೂ ಪುಟವನ್ನು ಟೇಬಲ್‌ಗಳಿಂದ ಕಟ್ಟುವುದಿಲ್ಲ. ಮೇಲ್‌ನಲ್ಲಿ ಇವತ್ತಿಗೂ ಟೇಬಲ್ಲೇ ಗತಿ. ಪುಟ ಜೋಡಿಸುವ ಹೊಸ ಸಿಎಸ್‌ಎಸ್ ವಿಧಾನಗಳಾದ ಫ್ಲೆಕ್ಸ್ ವರ್ಡ್ ಎಂಜಿನ್ನಿಗೆ ಗೊತ್ತಿಲ್ಲ, ಗ್ರಿಡ್ ಗೊತ್ತಿಲ್ಲ, ಗರಿಷ್ಠ ಅಗಲವೂ ಗೊತ್ತಿಲ್ಲ. ಪ್ಯಾಡಿಂಗ್, ಅಂದರೆ ಒಳಅಂಚಿನ ಖಾಲಿ ಜಾಗ, ಕೊಟ್ಟರೆ ಅದು ಭರವಸೆಯಿಂದ ನಡೆಯುವುದು ಟೇಬಲ್ಲಿನ ಕೋಣೆಗೆ, ಅಂದರೆ ‘ಟಿಡಿ’ ಟ್ಯಾಗ್‌ಗೆ ಕೊಟ್ಟಾಗ ಮಾತ್ರ.

ಹೊರಗೆ ಪೂರ್ತಿ ಅಗಲದ ಒಂದು ಟೇಬಲ್, ಅದು ಹಿನ್ನೆಲೆಗೆ. ಅದರೊಳಗೆ 600 ಪಿಕ್ಸೆಲ್ ಅಗಲದ ಇನ್ನೊಂದು, ನಡುವೆ ಕೂರುವಂತೆ. ಆ ಒಳಗಿನ ಟೇಬಲ್ಲಿನ ಒಂದೇ ಕೋಣೆಗೆ 24 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟು, ನಿಮ್ಮ ತುಣುಕನ್ನು ಅಲ್ಲಿ ಇಡಿ. ಒಳಗಿನ ಟೇಬಲ್ಲಿಗೆ ಅಗಲವನ್ನು ಎರಡು ಬಾರಿ ಹೇಳಬೇಕು: ಔಟ್‌ಲುಕ್‌ಗಾಗಿ ಟ್ಯಾಗ್‌ನ ಅಗಲ 600 ಎಂದು, ಉಳಿದವಕ್ಕಾಗಿ ಸಿಎಸ್‌ಎಸ್‌ನಲ್ಲಿ ಅಗಲ ನೂರು ಪ್ರತಿಶತ, ಗರಿಷ್ಠ 600 ಎಂದು. ಫೋನಿನಲ್ಲಿ ಪತ್ರ ತಾನಾಗಿ ಕಿರಿದಾಗುತ್ತದೆ.

ಎರಡೂ ಟೇಬಲ್ಲಿಗೆ ‘ಪ್ರೆಸೆಂಟೇಶನ್’ ಎಂಬ ಪಾತ್ರ (ರೋಲ್) ಕೊಡಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವಾಗ “ಟೇಬಲ್, ಒಂದು ಸಾಲು, ಒಂದು ಕಾಲಂ” ಎಂದು ಸುಮ್ನೆ ಕಿರಿಕಿರಿಯಾಗುವುದು ತಪ್ಪುತ್ತದೆ. ಹಾಗೆಯೇ ಭಾಷೆ ಕನ್ನಡ ಎಂದು ‘ಕೆ’ ‘ಎನ್’ ಎಂಬ ಎರಡಕ್ಷರದ ಗುರುತಿನಿಂದ ತಿಳಿಸಿ. ಅದನ್ನು ಹೊರಗಿನ ಟೇಬಲ್ಲಿನ ಮೇಲೂ ಹಾಕಿ. ಪುಟದ ತಲೆಯಲ್ಲಿ ಹಾಕಿದ್ದನ್ನು ಕೆಲವು ಆ್ಯಪ್‌ಗಳು ಕಿತ್ತುಬಿಡುತ್ತವೆ.

ಹೆಜ್ಜೆ 4: ಅಕ್ಷರ ಮತ್ತು ಸಾಲಿನ ಎತ್ತರ

ಧಾರವಾಡದ ಆ ಫೋನಿನ ಮೂಲ ಇಲ್ಲಿದೆ. ನಾನು ಬಳಸಿದ್ದು ಇಂಗ್ಲಿಷ್ ಪತ್ರಗಳಿಗೆ ಮಾಡಿದ ಒಂದು ಸಿದ್ಧ ಟೆಂಪ್ಲೇಟ್. ಅದರಲ್ಲಿ ಅಕ್ಷರ 16 ಪಿಕ್ಸೆಲ್, ಸಾಲಿನ ಎತ್ತರ 20 ಪಿಕ್ಸೆಲ್ ಇತ್ತು. ಜೊತೆಗೆ ಔಟ್‌ಲುಕ್‌ಗೆ ಮಾತ್ರ ಅರ್ಥವಾಗುವ ಒಂದು ನಿಯಮ: ಸಾಲಿನ ಎತ್ತರ ‘ಎಕ್ಸಾಕ್ಟ್ಲಿ’ ಇಷ್ಟೇ ಇರಲಿ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ, ಕೆಲವೊಮ್ಮೆ ‘ಸ್ತ್ರೀ’, ‘ರಾಷ್ಟ್ರ’ದಲ್ಲಿದ್ದ ಹಾಗೆ ಎರಡೆರಡು ಒತ್ತು. ವರ್ಡ್‌ಗೆ ‘ಎಕ್ಸಾಕ್ಟ್ಲಿ’ ಎಂದು ಹೇಳಿದರೆ ಅದು ಅಳತೆಗೆ ಮೀರಿದ್ದನ್ನು ಕತ್ತರಿಸಿಯೇಬಿಡುತ್ತದೆ. ‘ಅಕ್ಕ’ ‘ಅಕ’ ಆದದ್ದು ಹೀಗೆ.

ಆ ನಿಯಮವನ್ನು ತೆಗೆದುಹಾಕಿ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಡಿ. ನಾನು 17 ಪಿಕ್ಸೆಲ್ ಅಕ್ಷರಕ್ಕೆ 1.7 ಇಟ್ಟಿದ್ದೇನೆ. ತಲೆಬರಹಗಳಿಗೂ 1.4ಕ್ಕಿಂತ ಕಡಿಮೆ ಬೇಡ.

ಫಾಂಟಿನ ವಿಷಯ. ವೆಬ್ ಫಾಂಟ್ ಹಾಕಿ ಅಂದವಾಗಿ ತೋರಿಸೋಣ ಅನ್ನಿಸುತ್ತದೆ. ಜಿಮೇಲ್ ನಿಮ್ಮ ವೆಬ್ ಫಾಂಟ್ ಒಪ್ಪುವುದಿಲ್ಲ. ಹಾಗಾಗಿ ಓದುಗರ ಯಂತ್ರದಲ್ಲಿ ಆಗಲೇ ಇರುವ ಕನ್ನಡ ಫಾಂಟುಗಳನ್ನೇ ಸಾಲಾಗಿ ಹೆಸರಿಸಿ: ನೋಟೋ ಸ್ಯಾನ್ಸ್ ಕನ್ನಡ ಆಂಡ್ರಾಯ್ಡ್‌ಗೆ, ಕನ್ನಡ ಸಂಗಮ್ ಎಂಎನ್ ಆ್ಯಪಲ್‌ಗೆ, ನಿರ್ಮಲಾ ಯುಐ ವಿಂಡೋಸ್ 8 ಮತ್ತು ನಂತರದ್ದಕ್ಕೆ. ಅದಕ್ಕೂ ಹಳೆಯ ವಿಂಡೋಸ್‌ಗೆ ತುಂಗಾ. ತುಂಗಾದಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆ, ಅದಕ್ಕೇ ಅದನ್ನು ಕೊನೆಗಿಡಿ.

ಓರೆ ಅಕ್ಷರದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಈ ಫಾಂಟುಗಳಲ್ಲಿ ಕನ್ನಡಕ್ಕೆ ನಿಜವಾದ ಓರೆ ರೂಪ ಇಲ್ಲ. ನೆಟ್ಟಗಿನ ಅಕ್ಷರವನ್ನೇ ಯಂತ್ರ ಬಲವಂತವಾಗಿ ಬಾಗಿಸುತ್ತದೆ. ದುಂಡಗಿನ ಅಕ್ಷರಗಳು ಬಿದ್ದುಹೋಗುವ ಹಾಗೆ ಕಾಣುತ್ತವೆ. ಒಂಟಿ ನಕ್ಷತ್ರದಿಂದ ಬರುವ ‘ಇಎಂ’ ಟ್ಯಾಗ್‌ಗೆ ಓರೆ ತೆಗೆದು, ಬೇರೆ ಬಣ್ಣ ಕೊಡಿ. ನಾನು ಕಡುಗೆಂಪು ಕೊಟ್ಟಿದ್ದೇನೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸಿಎಸ್‌ಎಸ್ ಕೂಡ ಕನ್ನಡಕ್ಕೆ ಬೇಡ, ಪದ ಬಿಡಿಬಿಡಿಯಾಗಿ ಓದಲು ತೊಡಕಾಗುತ್ತದೆ.

ಹೆಜ್ಜೆ 5: ಸ್ಟೈಲ್‌ಗಳನ್ನು ಟ್ಯಾಗ್‌ನೊಳಗೆ ಇಳಿಸಿ

ಇಷ್ಟರವರೆಗೆ ಸಿಎಸ್‌ಎಸ್ ಅನ್ನು ಬೇರೆ ಕಡತದಲ್ಲಿ ಬರೆದುಕೊಂಡಿರಿ: ‘ಪಿ’ಗೆ ಇಷ್ಟು, ‘ಎಚ್2’ಗೆ ಇಷ್ಟು ಎಂದು. ಈಗ ಆ ನಿಯಮಗಳನ್ನು ಪ್ರತಿ ಟ್ಯಾಗ್‌ನ ಒಳಗೂ ಬರೆಯಬೇಕು. 2016ರಿಂದ ಜಿಮೇಲ್ ಪುಟದ ತಲೆಯಲ್ಲಿರುವ ಸ್ಟೈಲ್‌ಗಳನ್ನು ಓದುತ್ತದೆ ನಿಜ. ಆದರೆ ಅದೇ ಜಿಮೇಲ್ ಆ್ಯಪ್‌ನಲ್ಲಿ ಬೇರೆ ಕಂಪನಿಯ ಮೇಲ್ ಖಾತೆ ಸೇರಿಸಿಕೊಂಡು ಓದುವವರಿಗೆ ಅವು ಸಿಗುವುದಿಲ್ಲ. ಯಾರಾದರೂ ಪತ್ರವನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದಾಗಲೂ ಅವು ಕಳೆದುಹೋಗುವ ಸಾಧ್ಯತೆ ಜಾಸ್ತಿ. ಟ್ಯಾಗ್‌ನೊಳಗೆ ಇದ್ದರೆ ಆ ಚಿಂತೆ ಇಲ್ಲ.

ಕೈಯಲ್ಲಿ ಮಾಡಬೇಡಿ. ನೋಡ್‌ನಲ್ಲಿ ಜ್ಯೂಸ್, ಪೈಥಾನ್ ಮತ್ತು ರೂಬಿಯಲ್ಲಿ ಪ್ರೀಮೇಲರ್ ಎಂಬ ಸಾಧನಗಳು ಇದಕ್ಕೆಂದೇ ಇವೆ. ಚೌಕಟ್ಟು, ತುಣುಕು, ಸಿಎಸ್‌ಎಸ್ ಮೂರನ್ನೂ ಕೊಟ್ಟರೆ ಒಂದೇ ಕಡತ ಮಾಡಿ ಕೊಡುತ್ತವೆ.

ಪಟ್ಟಿಗಳಿಗೆ ಅಂಚಿನ ಅಂತರವನ್ನು ನೀವೇ ಕೊಡಿ. ಕೊಡದಿದ್ದರೆ ಒಂದೊಂದು ಆ್ಯಪ್ ಒಂದೊಂದು ಥರ ಒಳಸರಿಸುತ್ತದೆ. ಕೊಂಡಿಗಳಿಗೂ ಬಣ್ಣ ಮತ್ತು ಅಡಿಗೆರೆ ಹೇಳಿಬಿಡಿ.

ಹೆಜ್ಜೆ 6: ಚಿತ್ರಗಳು

ಪ್ಯಾನ್‌ಡಾಕ್‌ನಲ್ಲಿ ಅಡಕ ಮಾಡುವ ಆಯ್ಕೆ ಬೇಡ ಎಂದೆನಲ್ಲ, ಅದು ಚಿತ್ರವನ್ನು ಉದ್ದನೆಯ ಅಕ್ಷರಸಾಲಾಗಿ ಎಚ್‌ಟಿಎಂಎಲ್‌ನೊಳಗೇ ತುಂಬುತ್ತದೆ. ಜಿಮೇಲ್ ಅಂಥ ಚಿತ್ರವನ್ನು ತೋರಿಸುವುದಿಲ್ಲ. ಎಸ್‌ವಿಜಿಯನ್ನೂ ತೋರಿಸುವುದಿಲ್ಲ. ಜೆಪೆಗ್ ಅಥವಾ ಪಿಎನ್‌ಜಿ ಚಿತ್ರವನ್ನು ನಿಮ್ಮ ಸರ್ವರಿನಲ್ಲಿಟ್ಟು ಪೂರ್ತಿ ವಿಳಾಸ ಕೊಡಿ. ಅಗಲವನ್ನು ಟ್ಯಾಗ್‌ನಲ್ಲೇ ಅಂಕಿಯಾಗಿ ಹೇಳಿ. ಇಲ್ಲದಿದ್ದರೆ ಔಟ್‌ಲುಕ್ ಚಿತ್ರವನ್ನು ಮೂಲ ಅಳತೆಯಲ್ಲೇ ತೋರಿಸಿ ಚೌಕಟ್ಟನ್ನು ಹಿಗ್ಗಿಸುತ್ತದೆ.

ಮಾರ್ಕ್‌ಡೌನ್‌ನ ಚೌಕ ಆವರಣದಲ್ಲಿ ಬರೆಯುವ ಚಿತ್ರದ ವಿವರಣೆಯನ್ನು ಖಾಲಿ ಬಿಡಬೇಡಿ. ಔಟ್‌ಲುಕ್ ಬಹಳ ಸಲ ಚಿತ್ರಗಳನ್ನು ಮೊದಲು ತಡೆಹಿಡಿಯುತ್ತದೆ. ಆಗ ಓದುಗರಿಗೆ ಕಾಣುವುದು ಆ ವಿವರಣೆ ಮಾತ್ರ. ಇದೇ ಕಾರಣಕ್ಕೆ ಭೇಟಿಯ ದಿನ, ಜಾಗಗಳನ್ನು ಚಿತ್ರದೊಳಗೆ ಬರೆದು ಕಳಿಸುವುದು ತಪ್ಪು. ಅವು ಅಕ್ಷರವಾಗಿಯೇ ಇರಲಿ.

ಹೆಜ್ಜೆ 7: ತೂಕ ನೋಡಿ

ಪತ್ರದ ಎಚ್‌ಟಿಎಂಎಲ್ 102 ಕೆಬಿ ದಾಟಿದರೆ ಜಿಮೇಲ್ ಅಲ್ಲಿಗೇ ಕತ್ತರಿಸಿ, ಪೂರ್ತಿ ನೋಡಲು ಕೆಳಗೊಂದು ಕೊಂಡಿ ಕೊಡುತ್ತದೆ. ಇಂಗ್ಲಿಷ್ ಪತ್ರ ಅಷ್ಟು ದೂರ ಹೋಗುವುದು ಅಪರೂಪ. ಕನ್ನಡ ಬೇಗ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ‘ಕನ್ನಡ’ ಎಂಬ ಪದ ನಮಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಅದು ಐದು: ಕ, ನ, ವಿರಾಮ (ಒತ್ತು ಮಾಡಿಸುವ ಗುರುತು), ಮತ್ತೆ ನ, ಡ. ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್. ಒಟ್ಟು 15 ಬೈಟ್. ಕೆಲವು ಸಾಧನಗಳು ಕನ್ನಡ ಅಕ್ಷರವನ್ನು ಅಂಕಿಯ ಸಂಕೇತವಾಗಿ ಬದಲಿಸುತ್ತವೆ. ಆಗ ‘ಕ’ ಎಂಬುದು ಕ ಆಗುತ್ತದೆ. ಎಣಿಸಿ, 7 ಬೈಟ್. ಪೂರ್ತಿ ಪದಕ್ಕೆ 35. ಅಂದರೆ ಪತ್ರದ ತೂಕ ಎರಡು ಪಟ್ಟಿಗಿಂತ ಜಾಸ್ತಿ.

ಕಣ್ಣಿಗೆ ವ್ಯತ್ಯಾಸ ಕಾಣದು, ಎರಡೂ ಒಂದೇ ಥರ ಓದಿಸುತ್ತವೆ. ಹಾಗಾಗಿ ಕೊನೆಯ ಕಡತವನ್ನು ಒಮ್ಮೆ ಸಾದಾ ಎಡಿಟರಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅಂಕಿಗಳ ಸಾಲು ಕಂಡರೆ ನಡುವಿನ ಯಾವುದೋ ಸಾಧನ ಬದಲಿಸಿದೆ ಎಂದರ್ಥ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿಗೆ ಎನ್‌ಕೋಡಿಂಗ್ ಹೇಳದೆ ಬರೆಯಿಸಿದರೆ ಹೀಗೇ ಆಗುತ್ತದೆ. ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ.

ನಾನು 80 ಕೆಬಿ ದಾಟಿದರೆ ಒಂದು ಬರಹ ತೆಗೆದು ಮುಂದಿನ ತಿಂಗಳಿಗೆ ಇಡುತ್ತೇನೆ.

ಹೆಜ್ಜೆ 8: ಲಕೋಟೆಗೆ ಹಾಕಿ

ಒಂದು ಮೇಲ್‌ನಲ್ಲಿ ಎರಡು ರೂಪ ಇರಬೇಕು: ಸಾದಾ ಪಠ್ಯ ಮತ್ತು ಎಚ್‌ಟಿಎಂಎಲ್. ಮೈಮ್ ಎಂಬ ನಿಯಮಾವಳಿ ಇದನ್ನು ‘ಮಲ್ಟಿಪಾರ್ಟ್ ಆಲ್ಟರ್ನೇಟಿವ್’ ಎನ್ನುತ್ತದೆ. ಸಾದಾ ಪಠ್ಯ ಮೊದಲು, ಎಚ್‌ಟಿಎಂಎಲ್ ಕೊನೆಗೆ. ಈ ಕ್ರಮ ಮುಖ್ಯ. ಆ್ಯಪ್‌ಗಳು ತಮಗೆ ಅರ್ಥವಾಗುವ ರೂಪಗಳಲ್ಲಿ ಕೊನೆಯದನ್ನು ಆರಿಸುತ್ತವೆ. ತಿರುಗಾಮುರುಗಾ ಆದರೆ ನೀವು ಪಟ್ಟ ಪಾಡೆಲ್ಲ ಯಾರಿಗೂ ಕಾಣುವುದಿಲ್ಲ.

ಸಾದಾ ಪಠ್ಯವನ್ನು ಬೇರೆ ಬರೆಯಬೇಕಿಲ್ಲ. ನಿಮ್ಮ ಮಾರ್ಕ್‌ಡೌನ್ ಕಡತವೇ ಅದು. ಮಾರ್ಕ್‌ಡೌನ್‌ನ ನಿಜವಾದ ಲಾಭ ನನಗೆ ಕಂಡದ್ದು ಇಲ್ಲೇ. ಉದ್ದನೆಯ ಕೊಂಡಿಗಳನ್ನು ಮಾತ್ರ ಪ್ಯಾರಾದ ಕೆಳಗೆ ಸರಿಸಿದರೆ ಓದಲು ಹಿತ.

ಮೇಲ್‌ನ ಹಳೇ ನಿಯಮದಂತೆ ಒಂದು ಸಾಲು 998 ಬೈಟ್ ಮೀರಬಾರದು. ಕನ್ನಡದಲ್ಲಿ ಅದು ಸುಮಾರು 330 ಯುನಿಕೋಡ್ ಅಕ್ಷರ, ಒಂದು ಸಾಧಾರಣ ಪ್ಯಾರಾ ಅಷ್ಟೇ. ಅದಕ್ಕಾಗಿ ಒಳಗಿನದನ್ನು ಎನ್‌ಕೋಡ್ ಮಾಡಿ ಕಳಿಸಬೇಕು. ಎರಡು ದಾರಿ ಇವೆ. ಕ್ವೋಟೆಡ್ ಪ್ರಿಂಟಬಲ್‌ನಲ್ಲಿ ಕನ್ನಡದ ಒಂದು ಬೈಟ್‌ಗೆ ಮೂರು ಆಗುತ್ತದೆ, ಅಂದರೆ ಒಂದು ಕನ್ನಡ ಅಕ್ಷರಕ್ಕೆ 9. ಬೇಸ್64ರಲ್ಲಿ 3 ಬೈಟ್‌ಗೆ 4. ಕನ್ನಡಕ್ಕೆ ಬೇಸ್64 ಆರಿಸಿ.

ಪೈಥಾನ್‌ನ ಇಮೇಲ್ ಲೈಬ್ರರಿಯಲ್ಲಿ ಮೊದಲು ಸಾದಾ ಪಠ್ಯವನ್ನು ಮುಖ್ಯ ವಿಷಯವಾಗಿ ಇಟ್ಟು, ಆಮೇಲೆ ಎಚ್‌ಟಿಎಂಎಲ್ ಅನ್ನು ಪರ್ಯಾಯವಾಗಿ ಸೇರಿಸಿದರೆ ಕ್ರಮ ತಾನಾಗಿ ಸರಿಯಾಗುತ್ತದೆ. ಪತ್ರದ ವಿಷಯದ ಸಾಲನ್ನೂ ಲೈಬ್ರರಿಗೇ ಬಿಡಿ. ಅದು 75 ಅಕ್ಷರ ಮೀರದ ಸಂಕೇತ ತುಂಡುಗಳಾಗಿ ಹೋಗಬೇಕು, ತುಂಡು ಕನ್ನಡ ಅಕ್ಷರವೊಂದರ ನಡುವೆ ಮುರಿಯಬಾರದು. ಕೈಬರಹದ ಸ್ಕ್ರಿಪ್ಟುಗಳು ಇಲ್ಲಿ ತಪ್ಪಿದರೆ ವಿಷಯದ ಸಾಲಿನ ನಡುವೆ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿಗಳು ಕಾಣುತ್ತವೆ.

ಹೆಜ್ಜೆ 9: ಕಳಿಸುವ ಮುಂಚೆ

ನಿಮಗೇ ಕಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನ ಜಿಮೇಲ್, ಬ್ರೌಸರಿನ ಜಿಮೇಲ್, ಹಳೇ ಮಾದರಿಯ ಔಟ್‌ಲುಕ್, ಸಿಕ್ಕರೆ ಒಂದು ಐಫೋನ್. ಇಷ್ಟರಲ್ಲಿ ತೆರೆದು ನೋಡಿದರೆ ಬಹುಪಾಲು ತಪ್ಪು ಸಿಗುತ್ತವೆ. ಯಾವ ಸಿಎಸ್‌ಎಸ್ ಎಲ್ಲಿ ನಡೆಯುತ್ತದೆ ಎಂಬ ಅನುಮಾನ ಬಂದರೆ ‘ಕ್ಯಾನ್ ಐ ಇಮೇಲ್’ ಎಂಬ ತಾಣದಲ್ಲಿ ಹುಡುಕಿ. ಫೋನಿನ ಡಾರ್ಕ್ ಮೋಡ್ ಹಾಕಿಯೂ ನೋಡಿ. ಹಿನ್ನೆಲೆ ಇಲ್ಲದ ಕಪ್ಪು ಲೋಗೋ ಅಲ್ಲಿ ಮಾಯವಾಗುತ್ತದೆ, ಅದಕ್ಕೆ ಬಿಳಿ ಹಿನ್ನೆಲೆ ಸೇರಿಸಿ.

ನನ್ನ ಪರೀಕ್ಷಾ ಪತ್ರದ ಮೊದಲ ಪ್ಯಾರಾ ಪ್ರತಿ ಸಲವೂ ಒಂದೇ. ಅದರಲ್ಲಿ ‘ಅಕ್ಕ’, ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮಿ’, ‘ಮೇಲ್‌ನಲ್ಲಿ’ ಎಂಬ ಪದಗಳಿವೆ. ಮೊದಲ ನಾಲ್ಕು ಒತ್ತಕ್ಷರ ನೋಡಲು. ಕೊನೆಯದು ‘ಲ್’ ಮತ್ತು ‘ನ’ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು ನಡುವೆ ಉಳಿದಿದೆಯೇ ಎಂದು ನೋಡಲು. ನಡುವಿನ ಯಾವುದಾದರೂ ಸಾಧನ ಅದನ್ನು ಅಳಿಸಿದ್ದರೆ ‘ಮೇಲ್ನಲ್ಲಿ’ ಎಂದು ಒತ್ತಾಗಿ ಕಾಣುತ್ತದೆ.

ತಿದ್ದಿದ ಟೆಂಪ್ಲೇಟಿನ ಪರೀಕ್ಷಾ ಪತ್ರವನ್ನು ಮೊದಲು ಧಾರವಾಡಕ್ಕೇ ಕಳಿಸಿದೆ. ಅವರು ತೆರೆದ ಪುಟದ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿದರು. ‘ಅಕ್ಕ’ನ ಒತ್ತು ಪೂರ್ತಿ ಇತ್ತು. ಅದಾದ ಮೇಲೆ ಉಳಿದವರಿಗೆ ಪತ್ರ ಹೋಯಿತು.